ಹಿಂದಿನ ಚಕ್ರಕ್ಕೂ ಸಸ್ಪೆನ್ಷನ್ ಬೇಕೆ?

ಪ್ರಶ್ನೆ: ಮಂಡ್ಯದಲ್ಲಿ ದಿನಾ ಬೆಳಿಗ್ಗೆ ವಿ.ಸಿ. ನಾಲೆ ಏರಿ ಮೇಲೆ ಸೈಕಲ್ ತುಳೀತೀನಿ, ಭಾನುವಾರ ಚಾಮುಂಡಿ ಬೆಟ್ಟ ಹತ್ತುತೀನಿ. ಕುಂತಿಬೆಟ್ಟದ ಕಡೆ ಕಲ್ಲುದಾರೀಲೂ ಹೋಗೋ ಆಸೆ ಇದೆ. ಫುಲ್ ಸಸ್ಪೆನ್ಷನ್ ಸೈಕಲ್ ತಗೊಂಡ್ರೆ ಉಪಯೋಗ ಇದೆಯಾ? ಅಂಗಡೀಲಿ ಹದಿನೈದು ಸಾವಿರಕ್ಕೇ ಒಂದು ಇದೆ.

ಉತ್ತರ: ನಾಲೆ ಏರಿಗೂ ಬೆಟ್ಟದ ಡಾಂಬರು ರಸ್ತೆಗೂ ಬೇಡ. ಮುಂದೆ ಮಾತ್ರ ಸಸ್ಪೆನ್ಷನ್ (100 ಮಿ.ಮೀ. ಕುಸಿಯುವ ಫೋರ್ಕ್) ಇರುವ ಹಾರ್ಡ್‌ಟೇಲ್ ಧಾರಾಳವಾಯಿತು. ಕಬ್ಬಿನ ಟ್ರ್ಯಾಕ್ಟರ್ ಓಡಾಡಿದ ಜಾಡಿನಲ್ಲಿ ಮೈ ಕುಲುಕುತ್ತದೆ ಎನ್ನುವವರು ಮೊದಲು ಟೈರಿನ ಗಾಳಿ ನೋಡಿಕೊಳ್ಳಬೇಕು. 2.2 ಇಂಚಿನ ಟೈರಿಗೆ 50 ಪಿಎಸ್‌ಐ ಹೊಡೆಸಿಕೊಂಡರೆ ಯಾವ ಸೈಕಲ್ಲಾದರೂ ಕುಲುಕುತ್ತದೆ. 70 ಕೆ.ಜಿ. ತೂಗುವವರು ಟ್ಯೂಬ್ ಟೈರಿನಲ್ಲಿ ಮುಂದೆ 28, ಹಿಂದೆ 32ರಿಂದ ಶುರು ಮಾಡಲಿ. ತೀರಾ ಇಳಿಸಿದರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಜಾಲಿ ಮುಳ್ಳಾದರೆ ಸಾಮಾನ್ಯವಾಗಿ ಒಂದೇ.

ಕಲ್ಲುದಾರಿಯ ಲೆಕ್ಕ ಬೇರೆ. ಹಿಂದಿನ ಸಸ್ಪೆನ್ಷನ್ ಇರುವುದು ಸೊಂಟಕ್ಕೆ ಆರಾಮ ಕೊಡಲಿಕ್ಕೆ ಎಂದೇ ಬಹಳ ಜನ ತಿಳಿದಿದ್ದಾರೆ. ಆರಾಮ ಸಿಗುವುದು ನಿಜ, ಆದರೆ ದುಡ್ಡು ಕೊಡಬೇಕಾದದ್ದು ಹಿಡಿತಕ್ಕೆ. ಉರುಟು ಕಲ್ಲಿನ ಏರಿನಲ್ಲಿ ಹಾರ್ಡ್‌ಟೇಲಿನ ಹಿಂದಿನ ಚಕ್ರ ಕಲ್ಲಿಗೊಮ್ಮೆ ನೆಲ ಬಿಟ್ಟು ಹಾರುತ್ತದೆ. ಆ ಗಳಿಗೆಯಲ್ಲಿ ತುಳಿದದ್ದೆಲ್ಲ ಚಕ್ರ ಗಿರ್ರನೆ ಸುತ್ತಿಯೇ ಮುಗಿಯುತ್ತದೆ. ಕುಲುಕಾಟ ತಾಳದೆ ಸೀಟಿನಿಂದ ಎದ್ದರೆ ಮೈಭಾರ ಮುಂದಕ್ಕೆ ಹೋಗಿ ಚಕ್ರ ಇನ್ನಷ್ಟು ಜಾರುತ್ತದೆ. ಫುಲ್ ಸಸ್ಪೆನ್ಷನ್ನಿನಲ್ಲಿ ಚಕ್ರವೇ ಕಲ್ಲಿನ ಮೇಲೆ ಹತ್ತಿ ಇಳಿಯುವುದರಿಂದ ಕೂತೇ ತುಳಿಯಬಹುದು. ಇಳಿಜಾರಿನಲ್ಲಿ ಲಾಭ ಇನ್ನೂ ದೊಡ್ಡದು: ಟೈರು ನೆಲದಲ್ಲಿದ್ದಷ್ಟು ಹೊತ್ತು ಮಾತ್ರ ಬ್ರೇಕ್ ಕೆಲಸ ಮಾಡುತ್ತದೆ.

ನಮ್ಮ ಕಡೆಯ ಕಲ್ಲುದಾರಿಗಳಿಗೆ 120 ಮಿ.ಮೀ. ಟ್ರಾವೆಲ್ (ಚಕ್ರ ಮೇಲೆ ಕೆಳಗೆ ಆಡುವ ದೂರ) ಸಾಕು, 160ರದು ದಂಡ. ಫುಲ್ ಸಸ್ಪೆನ್ಷನ್ ಸೈಕಲ್ ಅದೇ ದರ್ಜೆಯ ಹಾರ್ಡ್‌ಟೇಲಿಗಿಂತ ಒಂದೂವರೆ, ಎರಡು ಕೆ.ಜಿ. ತೂಕ ಹೆಚ್ಚು. ಡಾಂಬರಿನ ಏರಿನಲ್ಲಿ ಪ್ರತಿ ತುಳಿತಕ್ಕೂ ಹಿಂಭಾಗ ಅಲುಗಿ ಶಕ್ತಿ ಪೋಲಾಗುತ್ತದೆ, ಸಸ್ಪೆನ್ಷನ್ ಅಲುಗದಂತೆ ಹಿಡಿಯುವ ಲಾಕ್‌ಔಟ್ ಇದ್ದರೆ ಹಾಕಿಕೊಳ್ಳಿ.

ಇನ್ನು ಆ ಹದಿನೈದು ಸಾವಿರದ ಸೈಕಲ್. ಬೇಡವೇ ಬೇಡ. ಸೀಟನ್ನು ಬಲವಾಗಿ ಒತ್ತಿ ಬಿಡಿ. ಒಮ್ಮೆ ಮೇಲೆದ್ದು ನಿಲ್ಲದೆ ಎರಡು ಮೂರು ಸಲ ಕುಣಿದರೆ ಒಳಗೆ ಬರೀ ಸ್ಪ್ರಿಂಗ್ ಇದೆ, ಅದನ್ನು ತಡೆದು ನಿಧಾನ ಮಾಡುವ ಎಣ್ಣೆಯ ಡ್ಯಾಂಪರ್ ಇಲ್ಲ ಎಂದರ್ಥ. ಅಂಥದ್ದು ಕಲ್ಲಿನ ಮೇಲೆ ಚಕ್ರವನ್ನು ನೆಲಕ್ಕೆ ಒತ್ತುವ ಬದಲು ಎತ್ತಿ ಒಗೆಯುತ್ತದೆ. ಒಳ್ಳೆಯ ಹೊಸ ಫುಲ್ ಸಸ್ಪೆನ್ಷನ್ ಲಕ್ಷ ದಾಟುತ್ತದೆ. ಅಷ್ಟು ಆಗದಿದ್ದರೆ ಇರುವ ದುಡ್ಡಿಗೆ ಒಳ್ಳೆಯ ಹಾರ್ಡ್‌ಟೇಲ್ ಕೊಳ್ಳುವುದೇ ಜಾಣತನ.

ಕೊಂಡವರು ಮೊದಲ ದಿನವೇ ಸ್ಯಾಗ್ ಹೊಂದಿಸಬೇಕು, ಅಂದರೆ ನೀವು ಕೂತಾಗ ಶಾಕ್ (ಹಿಂದಿನ ಚಕ್ರದ ಹೊಡೆತ ತಾಳುವ, ಗಾಳಿ ತುಂಬಿದ ಭಾಗ) ಎಷ್ಟು ಕುಸಿಯಬೇಕೆಂಬುದು. ಮಾಮೂಲಿ ಪಂಪ್ ಆಗದು. 300 ಪಿಎಸ್‌ಐವರೆಗೆ ಹೋಗುವ ಶಾಕ್ ಪಂಪ್ ಬೇಕು. ಪ್ರತಿ 50 ಪಿಎಸ್‌ಐಗೊಮ್ಮೆ ಸೀಟು ಒತ್ತಿ ಒತ್ತಿ ಬಿಟ್ಟು ಒಳಗಿನ ಎರಡೂ ಕೋಣೆಗಳಿಗೆ ಗಾಳಿ ಹಂಚಿಕೊಳ್ಳಲು ಬಿಡಿ. ಬ್ಯಾಗು, ನೀರು ಸಮೇತ ಗೋಡೆ ಹಿಡಿದು ಮೆಲ್ಲಗೆ ಕೂತು, ಶಾಕಿನ ರಬ್ಬರ್ ಉಂಗುರವನ್ನು ಸೀಲಿಗೆ ತಾಗುವಂತೆ ಸರಿಸಿ, ಕುಲುಕದೆ ಇಳಿಯಿರಿ. ಉಂಗುರ ಸರಿದ ದೂರ ಶಾಕಿನ ಸ್ಟ್ರೋಕ್‌ನ (ಶಾಕ್ ಪೂರ್ತಿ ಕುಸಿಯಬಲ್ಲ ದೂರದ) ಶೇ. 25ರಿಂದ 30 ಇರಲಿ. 45 ಮಿ.ಮೀ. ಸ್ಟ್ರೋಕ್ ಇದ್ದರೆ ಅದು 11ರಿಂದ 13 ಮಿ.ಮೀ. ಚಕ್ರದ 120 ಮಿ.ಮೀ.ಗೆ ಲೆಕ್ಕ ಹಾಕಿ ತಪ್ಪುವವರು ಇದ್ದಾರೆ. ಫೋರ್ಕಿಗೆ ಶೇ. 15ರಿಂದ 20. ಪಂಪ್ ಬಿಚ್ಚುವಾಗಿನ ಉಸ್ಸೆನ್ನುವ ಸದ್ದು ಸಾಮಾನ್ಯವಾಗಿ ಪೈಪಿನ ಗಾಳಿಯದು, ಗಾಬರಿ ಬೇಡ.

ನಿರ್ವಹಣೆಯಲ್ಲಿ ಹೆಚ್ಚು ಕೆಡುವುದು ಪಿವಟ್ ಬೇರಿಂಗ್, ಅಂದರೆ ಫ್ರೇಮಿನ ಹಿಂಭಾಗ ಆಡುವ ಕೀಲಿನ ಬೇರಿಂಗ್. ವಾಟರ್ ಸರ್ವೀಸ್‌ನವರ ಪ್ರೆಷರ್ ನೀರು ಸೀಲ್ ದಾಟಿ ಗ್ರೀಸ್ ತೊಳೆದುಬಿಡುತ್ತದೆ. ನಾಲೆಯ ಕೆಸರನ್ನು ಬಕೆಟ್ ನೀರು, ಬ್ರಷ್‌ನಲ್ಲೇ ತೆಗೆಯಿರಿ. ತಿಂಗಳಿಗೊಮ್ಮೆ ಸೀಟು ಹಿಡಿದು ಮೆಲ್ಲಗೆ ಎತ್ತಿ ನೋಡಿ. ಚಕ್ರ ಏಳುವ ಮುಂಚೆ ಟಕ್ ಎಂದರೆ ಶಾಕಿನ ಬುಶ್ ಸವೆದಿದೆ, ಇಲ್ಲವೇ ಪಿವಟ್ ಬೋಲ್ಟ್ ಸಡಿಲಾಗಿದೆ. ಬೋಲ್ಟನ್ನು ಕಂಪನಿ ಸೂಚಿಸಿದ ಟಾರ್ಕ್‌ಗೆ, ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಿ. ಕೈಯಂದಾಜಿನಲ್ಲಿ ಬಿಗಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರುತ್ತದೆ. ಏರ್ ಶಾಕಿನ ಗಾಳಿ ಕೋಣೆಯನ್ನು ಸುಮಾರು 50 ಗಂಟೆ ಓಡಿದ ಮೇಲೆ ಬಿಚ್ಚಿ ಸ್ವಚ್ಛಗೊಳಿಸಬೇಕು. ಅದರ ಸೀಲ್ ಕಿಟ್ ಸಿಗುತ್ತದೆಯೇ ಎಂದು ದುಡ್ಡು ಕೊಡುವ ಮುಂಚೆಯೇ ಅಂಗಡಿಯವರನ್ನು ಕೇಳಿ.

ಹಲವು ಫ್ರೇಮ್‌ಗಳಲ್ಲಿ 6902ರಂಥ ಮಾಮೂಲಿ ನಂಬರಿನ ಬೇರಿಂಗ್ ಇರುತ್ತದೆ, ಬೇರಿಂಗ್ ಅಂಗಡಿಯಲ್ಲಿ ವಿಚಾರಿಸಬಹುದು. ಆದರೆ ಪಿವಟ್ ಪೂರ್ತಿ ಸುತ್ತುವುದಿಲ್ಲ, ಸ್ವಲ್ಪವೇ ಹಿಂದೆ ಮುಂದೆ ಆಡುತ್ತದೆ. ಭಾರವೆಲ್ಲ ಕೆಲವೇ ಗುಂಡುಗಳ ಮೇಲೆ ಬೀಳುತ್ತದೆ. ಅದಕ್ಕೇ ಗುಂಡುಗಳನ್ನು ದೂರ ದೂರ ಹಿಡಿದಿಡುವ ಕೇಜ್ ಇಲ್ಲದೆ ಪೂರ್ತಿ ಗುಂಡು ತುಂಬಿದ ಬೇರಿಂಗನ್ನೇ ಕೇಳಿ ತನ್ನಿ.