ದೊಡ್ಡ ಫ್ರೇಮ್, ದಪ್ಪ ಗಾಜು, ಏರದ ನಂಬರ್

ದೊಡ್ಡ ಫ್ರೇಮಿನ ಕನ್ನಡಕ ಮತ್ತೆ ಬಂದಿದೆ. ಪುಣೆಯ ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ಸಂಜೆ ಹೊತ್ತು ಸುಮ್ನೆ ಒಂದು ಸುತ್ತು ಹಾಕಿದರೆ ಸಾಕು, ಗೊತ್ತಾಗುತ್ತದೆ. ಹುಬ್ಬಿನ ಮೇಲಿಂದ ಶುರುವಾಗಿ ಅರ್ಧ ಕೆನ್ನೆಯವರೆಗೆ ಇಳಿಯುವ ಚೌಕ ಫ್ರೇಮು, ಬಣ್ಣವೇ ಇಲ್ಲದ ಪ್ಲಾಸ್ಟಿಕ್ ಫ್ರೇಮು, ತೆಳು ತಂತಿಯ ದೊಡ್ಡ ದುಂಡು ಫ್ರೇಮು. ಎಪ್ಪತ್ತರ, ಎಂಬತ್ತರ ದಶಕದ ಮದುವೆ ಆಲ್ಬಮ್ಮಿನಲ್ಲಿ ನಮ್ಮ ಕಾಕಾ, ಮಾಮಾಗಳೆಲ್ಲ ಹಾಕಿಕೊಂಡು ನಿಂತಿರುತ್ತಾರಲ್ವಾ, ಹೆಚ್ಚುಕಡಿಮೆ ಅವೇ. ಚೆಂದವಾಗಿಯೇ ಇವೆ. ಫ್ಯಾಷನ್ ಮೇಲೆ ನನಗೆ ಯಾವ ತಕರಾರೂ ಇಲ್ಲ. ತಕರಾರು ಇರುವುದು ಅದರ ಬೆನ್ನಿಗೇ ಬರುವ ಒಂದು ತಪ್ಪು ಮಾತಿನ ಮೇಲೆ.

ನನ್ನ ಅಕ್ಕನ ಮಗಳಿಗೆ ಎರಡೂ ಕಣ್ಣಿಗೆ ಮೈನಸ್ 6, ಅಂದರೆ ದೂರದ್ದು ಸರಿಯಾಗಿ ಕಾಣುವುದಿಲ್ಲ. ಈ ಸಲ ಅವಳು ಅಗಲದ ಚೌಕ ಫ್ರೇಮ್ ಮಾಡಿಸಿದಳು. ಧಾರವಾಡದಿಂದ ಬಂದಿದ್ದ ಅವಳ ಅಜ್ಜಿಯ ತಂಗಿ ಪಕ್ಕದಲ್ಲಿ ಕೂತು ನೋಡಿದವರೇ, ‘ನಂಬರ್ ಭಾಳ ಏರೇತಿ ನೋಡವಾ, ಎಷ್ಟು ದಪ್ಪ ಚಾಳೀಸು! ಮನ್ಯಾಗರ ತೆಗದಿಡು, ಕಣ್ಣಿಗೆ ರೂಢಿ ಆಗತೈತಿ’ ಅಂದರು. ನಂಬರ್ ಏರಿರಲಿಲ್ಲ. ಹಳೇ ಚೀಟಿಯಲ್ಲೂ ಹೊಸ ಚೀಟಿಯಲ್ಲೂ ಅದೇ ಮೈನಸ್ 6. ದಪ್ಪ ಮಾತ್ರ ಏರಿತ್ತು. ಅಜ್ಜಿಯನ್ನು ನಾನು ದೂರುವುದಿಲ್ಲ, ಏಕೆಂದರೆ ಡಿಗ್ರಿ ಓದಿದವರೂ ದಪ್ಪ ಗಾಜು ನೋಡಿದ ತಕ್ಷಣ ಕಣ್ಣು ಹಾಳಾಗಿದೆ ಅಂತಲೇ ತೀರ್ಮಾನಿಸುತ್ತಾರೆ, ಹುಡುಗಿಯಾದರೆ ಮಾತು ಮದುವೆಯವರೆಗೂ ಹೋಗುತ್ತದೆ. ಇದೆಲ್ಲ ಒಂದು ಸಣ್ಣ ಲೆಕ್ಕ ಗೊತ್ತಿಲ್ಲದ್ದರಿಂದ ಆಗುವುದು. ಆ ಲೆಕ್ಕ ನನಗೆ ತುಂಬಾ ಇಷ್ಟ, ಹಾಗಾಗಿ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಮೈನಸ್ ಗಾಜು ಮಧ್ಯದಲ್ಲಿ ತೆಳು, ಅಂಚಿನಲ್ಲಿ ದಪ್ಪ. ಇದು ಎಲ್ಲರಿಗೂ ಗೊತ್ತು. ಆದರೆ ಆ ದಪ್ಪ ಯಾವ ಲೆಕ್ಕದಲ್ಲಿ ಏರುತ್ತದೆ? ಮಧ್ಯದಿಂದ ದೂರ ಎರಡು ಪಟ್ಟಾದರೆ, ಮಧ್ಯಕ್ಕಿಂತ ಹೆಚ್ಚಾಗುವ ದಪ್ಪ ನಾಲ್ಕು ಪಟ್ಟು. ದೂರ ಮೂರು ಪಟ್ಟಾದರೆ ಆ ದಪ್ಪ ಒಂಬತ್ತು ಪಟ್ಟು. ಅಂದರೆ ದೂರದ ವರ್ಗದ ಲೆಕ್ಕ.

ಅಡುಗೆಮನೆಯ ಬಾಣಲೆಯನ್ನು ಕಟ್ಟೆಯ ಮೇಲೆ ಇಟ್ಟು ನೋಡಿ. ತಳದ ನಟ್ಟನಡುವೆ ಬಾಣಲೆ ಕಟ್ಟೆಗೆ ತಾಗಿಕೊಂಡೇ ಇರುತ್ತದೆ. ಅಲ್ಲಿಂದ ಬೆರಳನ್ನು ಹೊರಕ್ಕೆ ಸರಿಸುತ್ತಾ ಹೋಗಿ. ಮೊದಲು ಬೆರಳು ಏರಿದ್ದೇ ಗೊತ್ತಾಗುವುದಿಲ್ಲ. ಅಂಚಿನ ಹತ್ತಿರ ಬಂದಾಗ ಒಂದೊಂದು ಬೆರಳಗಲಕ್ಕೂ ಸರ್ರನೆ ಮೇಲೇರುತ್ತದೆ. ಈಗ ಕಟ್ಟೆಗೂ ಬಾಣಲೆಗೂ ನಡುವೆ ಇರುವ ಖಾಲಿ ಜಾಗವನ್ನೆಲ್ಲ ಪಾರದರ್ಶಕ ಪ್ಲಾಸ್ಟಿಕ್ಕಿನಿಂದ ತುಂಬಿದ್ದೀರಿ ಅಂದುಕೊಳ್ಳಿ, ಅದೇ ಮೈನಸ್ ಗಾಜು. ಸಣ್ಣ ಫ್ರೇಮ್ ಹಾಕುವವರು ಅದರಲ್ಲಿ ನಡುವಿನ ತುಂಡನ್ನಷ್ಟೇ ಕತ್ತರಿಸಿಕೊಳ್ಳುತ್ತಾರೆ. ದೊಡ್ಡ ಫ್ರೇಮ್ ಹಾಕುವವರು ಏರಿರುವ ಅಂಚನ್ನೂ ಸೇರಿಸಿಕೊಳ್ಳುತ್ತಾರೆ. ಬಾಣಲೆಯ ಬಾಗು ಎರಡರಲ್ಲೂ ಒಂದೇ. ನಂಬರ್ ಅನ್ನುವುದು ಆ ಬಾಗಿನ ಅಳತೆ, ದಪ್ಪದ ಅಳತೆ ಅಲ್ಲ.

ಇನ್ನು ಅಂಕಿಗಳಿಗೆ ಬರೋಣ. ನಿಮ್ಮ ಕನ್ನಡಕದ ಕಡ್ಡಿಯ ಒಳಗಡೆ ನೋಡಿ. 50, ಒಂದು ಪುಟ್ಟ ಚೌಕದ ಗುರುತು, 18, ಆಮೇಲೆ 140 ಅಂತ ಏನಾದರೂ ಬರೆದಿರುತ್ತದೆ. ಮೊದಲನೆಯದು ಒಂದು ಗಾಜಿನ ಅಗಲ, ಎರಡನೆಯದು ಮೂಗಿನ ಮೇಲೆ ಎರಡು ಗಾಜುಗಳ ನಡುವಿನ ಅಂತರ, ಮೂರನೆಯದು ಕಡ್ಡಿಯ ಉದ್ದ. ಎಲ್ಲವೂ ಮಿಲಿಮೀಟರ್. ಮೊದಲ ಎರಡನ್ನು ಕೂಡಿಸಿದರೆ ಫ್ರೇಮಿನಲ್ಲಿ ಒಂದು ಗಾಜಿನ ನಡುವಿನಿಂದ ಇನ್ನೊಂದರ ನಡುವಿಗೆ ಎಷ್ಟು ದೂರ ಅಂತ ಸಿಗುತ್ತದೆ. ಇಲ್ಲಿ 68. ನಿಮ್ಮ ಎರಡು ಕಣ್ಣಾಲಿಗಳ ನಡುವಿನ ಅಂತರ, ಅಂಗಡಿಯವರು ಪಿಡಿ ಅನ್ನುತ್ತಾರಲ್ಲ, ಅದು 62 ಅಂದುಕೊಳ್ಳಿ. ವ್ಯತ್ಯಾಸ 6. ಅಂದರೆ ಗಾಜಿನ ನಿಜವಾದ ಮಧ್ಯಬಿಂದುವನ್ನು ಒಂದೊಂದು ಕಡೆಯೂ 3 ಮಿ.ಮೀ. ಮೂಗಿನ ಕಡೆಗೆ ಸರಿಸಬೇಕು. ಸರಿಸಿದಾಗ ಕಿವಿಯ ಕಡೆಯ ಅಂಚು ಮಧ್ಯದಿಂದ 25 ಮತ್ತು 3, ಒಟ್ಟು 28 ಮಿ.ಮೀ. ದೂರವಾಗುತ್ತದೆ.

ಸಾಮಾನ್ಯ ಪ್ಲಾಸ್ಟಿಕ್ ಗಾಜಿಗೆ ಸೂತ್ರ ಬಹಳ ಸುಲಭ: ದೂರವನ್ನು ಅದರಿಂದಲೇ ಗುಣಿಸಿ, ನಂಬರಿನಿಂದ ಗುಣಿಸಿ, ಸಾವಿರದಿಂದ ಭಾಗಿಸಿ. 28 ಗುಣಿಸು 28 ಗುಣಿಸು 6, ಭಾಗಿಸು 1000. ಸುಮಾರು 4.7 ಮಿ.ಮೀ. ಮಧ್ಯದ ದಪ್ಪ 2 ಸೇರಿಸಿದರೆ 6.7.

ಈಗ 58, 16ರ ದೊಡ್ಡ ಫ್ರೇಮ್ ತೆಗೆದುಕೊಳ್ಳಿ. ಕೂಡಿಸಿದರೆ 74. ಕಣ್ಣಾಲಿಗಳು ಅಲ್ಲೇ ಇವೆ, 62. ಹಾಗಾಗಿ ಮಧ್ಯಬಿಂದುವನ್ನು 6 ಮಿ.ಮೀ. ಒಳಕ್ಕೆ ಸರಿಸಬೇಕು. ಕಿವಿಯ ಕಡೆಯ ಅಂಚು ಈಗ 35 ಮಿ.ಮೀ. ದೂರ. 35 ಗುಣಿಸು 35 ಗುಣಿಸು 6, ಭಾಗಿಸು 1000: ಸುಮಾರು 7.4. ಒಟ್ಟು 9.4 ಮಿ.ಮೀ. ಗಾಜಿನ ಅಗಲ ಏರಿದ್ದು 8 ಮಿ.ಮೀ. ಮಾತ್ರ, ಆದರೆ ಅಂಚು ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಆಯಿತು! ಇನ್ನೂ ಮಜಾ ಏನೆಂದರೆ, ಮೂಗಿನ ಕಡೆಯ ಅಂಚು ಬದಲಾಗಿಯೇ ಇಲ್ಲ ಅನ್ನಬಹುದು. ಮೊದಲು 22 ಮಿ.ಮೀ. ದೂರವಿತ್ತು, ಈಗ 23. ಹೊಸ ದಪ್ಪವೆಲ್ಲ ಕಿವಿಯ ಕಡೆ ಹೋಗಿ ಕೂತಿದೆ, ಅಂದರೆ ಪಕ್ಕದಲ್ಲಿ ಕೂತವರ ಕಣ್ಣಿಗೆ ನೇರವಾಗಿ ಬೀಳುವ ಜಾಗದಲ್ಲಿ. ಚೌಕ ಫ್ರೇಮಿನ ಮೂಲೆ ಇನ್ನೂ ದೂರ. ಗಾಜು 50 ಮಿ.ಮೀ. ಎತ್ತರವಿದ್ದು ಮೂಲೆ ಪೂರ್ತಿ ಚೂಪಾಗಿದ್ದರೆ ಅದು ಮಧ್ಯದಿಂದ 43 ಮಿ.ಮೀ. ಆಗುತ್ತದೆ. ಲೆಕ್ಕ ನೀವೇ ಹಾಕಿ ನೋಡಿ. ಮೂಲೆ ದುಂಡಗಿದ್ದಷ್ಟೂ ಲಾಭ.

ಅಂಗಡಿಯಲ್ಲಿ ಇದಕ್ಕೆ ಹೇಳುವ ಪರಿಹಾರ ಹೈ-ಇಂಡೆಕ್ಸ್ ಗಾಜು. 1.60, 1.67, 1.74 ಅಂತ ದರಪಟ್ಟಿ ತೋರಿಸುತ್ತಾರೆ. ಅದು ಸುಳ್ಳಲ್ಲ. ಈ ಅಂಕಿ ದೊಡ್ಡದಾದಷ್ಟೂ ಆ ಪ್ಲಾಸ್ಟಿಕ್ ಬೆಳಕನ್ನು ಜಾಸ್ತಿ ಬಗ್ಗಿಸುತ್ತದೆ, ಹಾಗಾಗಿ ಕಡಿಮೆ ಬಾಗಿನಲ್ಲೇ ಅದೇ ನಂಬರ್ ಸಿಗುತ್ತದೆ. ಆದರೆ ಲಾಭ ಎಷ್ಟು? ಸಾದಾ ಪ್ಲಾಸ್ಟಿಕ್ಕಿನ 1.5ರಿಂದ 1.67ಕ್ಕೆ ಹೋದರೆ ಬಾಗಿನ ದಪ್ಪ ಕಾಲು ಭಾಗ ಇಳಿಯುತ್ತದೆ. ನಮ್ಮ ದೊಡ್ಡ ಫ್ರೇಮಿನ 7.4 ಈಗ 5.5. ಈ ಗಾಜಿನ ಮಧ್ಯವನ್ನು ಇನ್ನೂ ತೆಳುವಾಗಿ ಉಜ್ಜಬಹುದು, ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಒಟ್ಟು ದಪ್ಪ 7ರ ಆಸುಪಾಸಿಗೆ ಬರುತ್ತದೆ. ಸಣ್ಣ ಫ್ರೇಮಿನಲ್ಲಿ ಸಾದಾ ಪ್ಲಾಸ್ಟಿಕ್ ಎಷ್ಟಿತ್ತು? 6.7. ಅಂದರೆ ಅಷ್ಟು ದುಡ್ಡು ಕೊಟ್ಟು ನೀವು ತಲುಪಿದ್ದು, ಸಣ್ಣ ಫ್ರೇಮ್ ಪುಕ್ಕಟೆಯಾಗಿ ಕೊಡುತ್ತಿದ್ದ ಜಾಗಕ್ಕೆ. ಈ ಮಾತನ್ನು ಕೌಂಟರಿನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಹಾಗಾದರೆ ಎಪ್ಪತ್ತರ ದಶಕದವರು ಅಷ್ಟು ದೊಡ್ಡ ಫ್ರೇಮನ್ನು ಹೇಗೆ ಹೊತ್ತುಕೊಂಡರು? ಇಲ್ಲಿ ಯುದ್ಧದ ಕಥೆ ಬರುತ್ತದೆ. 1940ರಲ್ಲಿ ಅಮೆರಿಕದಲ್ಲಿ ಸಿಆರ್-39 ಎಂಬ ಪ್ಲಾಸ್ಟಿಕ್ ತಯಾರಾಯಿತು. ಹೆಸರಿನ ಅರ್ಥ ಕೊಲಂಬಿಯಾ ರೆಸಿನ್, 39ನೆಯದು. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನಗಳ ಇಂಧನ ಟ್ಯಾಂಕನ್ನು ಹಗುರ ಮಾಡಲು ಅದನ್ನು ಬಳಸಿದರು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಕ್ಯಾಲಿಫೋರ್ನಿಯಾದ ಆರ್ಮೊರ್‌ಲೈಟ್ ಕಂಪನಿ ಅದರಿಂದ ಕನ್ನಡಕದ ಗಾಜು ಮಾಡಿತು. ನಿಜವಾದ ಗಾಜಿನ ಸಾಂದ್ರತೆ 2.5ರ ಹತ್ತಿರ, ಇದರದ್ದು 1.3. ತೂಕ ನೇರ ಅರ್ಧಕ್ಕೆ ಬಂತು. 1972ರಲ್ಲಿ ಅಮೆರಿಕದ ಸರ್ಕಾರ ಕನ್ನಡಕದ ಗಾಜು ಪೆಟ್ಟಿಗೆ ಒಡೆಯಬಾರದು ಎಂಬ ನಿಯಮ ತಂದಿತು, ಅದರಿಂದ ಪ್ಲಾಸ್ಟಿಕ್‌ಗೆ ಇನ್ನಷ್ಟು ಬಲ ಬಂತು. ದೊಡ್ಡ ಫ್ರೇಮಿನ ಫ್ಯಾಷನ್ ಸುಮ್ನೆ ಆಕಾಶದಿಂದ ಬೀಳಲಿಲ್ಲ. ಮೂಗು ತಡೆದುಕೊಳ್ಳುವಷ್ಟು ಹಗುರಾದ ಮೇಲೆ ಬಂತು. ಫ್ರೇಮಿನ ಅಂಚುಪಟ್ಟಿಯೂ ಆಗ ದಪ್ಪವಿತ್ತು, ಗಾಜಿನ ಅಂಚು ಅದರೊಳಗೆ ಅರ್ಧ ಮುಚ್ಚಿಹೋಗುತ್ತಿತ್ತು. ಇನ್ನು ಸಿನಿಮಾ ನಟನಟಿಯರ ದೊಡ್ಡ ಕಪ್ಪು ಕನ್ನಡಕವನ್ನು ಇದರ ಜೊತೆ ಹೋಲಿಸಬೇಡಿ. ತಂಪು ಕನ್ನಡಕದಲ್ಲಿ ಸಾಮಾನ್ಯವಾಗಿ ನಂಬರ್ ಸೊನ್ನೆ. ಸೊನ್ನೆಯನ್ನು ಎಷ್ಟು ದೊಡ್ಡ ವರ್ಗದಿಂದ ಗುಣಿಸಿದರೂ ಸೊನ್ನೆಯೇ.

ಇತಿಹಾಸಕ್ಕೆ ಬಂದದ್ದೇ ಬಂದೆವು, ನಮ್ಮ ಕಥೆಯನ್ನೂ ಹೇಳಿಬಿಡುತ್ತೇನೆ. ಇದೇ ಪುಣೆಯ ಲಾ ಕಾಲೇಜು ರಸ್ತೆಯ ಭಾಂಡಾರ್ಕರ್ ಸಂಸ್ಥೆಯಲ್ಲಿ ಪರಶುರಾಮ ಕೃಷ್ಣ ಗೋಡೆ ಎಂಬ ವಿದ್ವಾಂಸರು ಕ್ಯುರೇಟರ್ ಆಗಿದ್ದರು. ಭಾರತದಲ್ಲಿ ಕನ್ನಡಕ ಯಾವಾಗಿಂದ ಇದೆ ಎಂದು ಹಳೆಯ ಗ್ರಂಥಗಳಲ್ಲಿ ಹುಡುಕಿದವರು ಅವರು. ಅವರಿಗೆ ಸಿಕ್ಕ ಹಳೆಯ ಉಲ್ಲೇಖಗಳಲ್ಲಿ ಒಂದು ನಮ್ಮ ವಿಜಯನಗರದ್ದು. ಸೋಮನಾಥ ಕವಿ ಬರೆದ ವ್ಯಾಸತೀರ್ಥರ ಚರಿತ್ರೆಯಲ್ಲಿ, 1520ರ ಸುಮಾರಿಗೆ, ಆ ಯತಿಗಳು ಕನ್ನಡಕ ಇಟ್ಟುಕೊಂಡು ಗ್ರಂಥ ಓದುವ ಮಾತು ಬರುತ್ತದೆ. ಆ ಹೊತ್ತಿಗೆ ಅವರಿಗೆ ವಯಸ್ಸಾಗಿತ್ತು, ಹಾಗಾಗಿ ಅದು ಓದಲು ಬೇಕಾಗುವ ಪ್ಲಸ್ ಗಾಜೇ ಇರಬೇಕು ಅನ್ನುವುದು ನನ್ನ ಊಹೆ. 1510ರಲ್ಲೇ ಪೋರ್ಚುಗೀಸರು ಗೋವಾ ಹಿಡಿದಿದ್ದರು, ಹಂಪಿಗೆ ಅಲ್ಲಿಂದ ಕುದುರೆ ಬರುತ್ತಿತ್ತು, ಗಾಜೂ ಬಂದಿದ್ದರೆ ಆಶ್ಚರ್ಯವಿಲ್ಲ. ಅದೇ ವರ್ಷಗಳಲ್ಲಿ ರೋಮ್‌ನಲ್ಲಿ ರಾಫೆಲ್ ಬರೆದ ಹತ್ತನೇ ಲಿಯೋ ಪೋಪ್‌ನ ಚಿತ್ರವಿದೆ. ಪೋಪ್‌ನ ಕೈಯಲ್ಲಿ ಇರುವುದು ಮೈನಸ್ ಗಾಜು. ಒಬ್ಬರು ಧರ್ಮಗುರುವಿಗೆ ಹತ್ತಿರದ್ದು ಕಾಣುತ್ತಿರಲಿಲ್ಲ, ಇನ್ನೊಬ್ಬರಿಗೆ ದೂರದ್ದು. ಕನ್ನಡಕ ಹಾಕುವುದು ಅವಮಾನ ಅಂತ ಇಬ್ಬರಿಗೂ ಅನಿಸಿರಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಮತ್ತೆ ಫ್ರೇಮಿಗೆ ಬರೋಣ. ಮಧ್ಯಬಿಂದುವನ್ನು ಒಳಕ್ಕೆ ಸರಿಸಬೇಕು ಅಂದೆನಲ್ಲ, ಸರಿಸದೆ ಹಾಗೇ ಕೂರಿಸಿದರೆ ಏನಾಗುತ್ತದೆ? ಗಾಜು ಪ್ರಿಸಂ ಆಗುತ್ತದೆ, ಅಂದರೆ ಕಾಣುವುದನ್ನೆಲ್ಲ ಒಂದು ಪಕ್ಕಕ್ಕೆ ಸರಿಸಿ ತೋರಿಸುತ್ತದೆ. ಪ್ರೆಂಟಿಸ್ ಎಂಬ ಅಮೆರಿಕದ ಕನ್ನಡಕ ತಜ್ಞರ ನಿಯಮವಿದೆ: ಮಧ್ಯ ಎಷ್ಟು ಸೆಂಟಿಮೀಟರ್ ತಪ್ಪಿದೆಯೋ ಅದನ್ನು ನಂಬರಿನಿಂದ ಗುಣಿಸಿ. 0.6 ಗುಣಿಸು 6, ಅಂದರೆ 3.6. ಒಂದು ಮೀಟರ್ ದೂರದ ವಸ್ತು ಒಂದೊಂದು ಕಣ್ಣಿಗೂ 3.6 ಸೆಂ.ಮೀ. ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಎರಡನ್ನೂ ಒಂದುಮಾಡಿ ನೋಡಲು ಕಣ್ಣುಗಳು ಹೊರಕ್ಕೆ ತಿರುಗಬೇಕು, ಆ ಕೆಲಸ ಅವಕ್ಕೆ ರೂಢಿಯೇ ಇಲ್ಲ. ತಲೆನೋವು ಬರುತ್ತದೆ. ಆಗಲೂ ಜನ ‘ನಂಬರ್ ತಪ್ಪು ಕೊಟ್ಟಿದ್ದಾರೆ’ ಅನ್ನುತ್ತಾರೆ. ನಂಬರ್ ಸರಿ ಇರುತ್ತದೆ, ಪಿಡಿ ತಪ್ಪಿರುತ್ತದೆ. ದೊಡ್ಡ ಫ್ರೇಮಿನಲ್ಲಿ ಸರಿಸಬೇಕಾದ ದೂರ ಜಾಸ್ತಿ, ಹಾಗಾಗಿ ತಪ್ಪಲು ಅವಕಾಶವೂ ಜಾಸ್ತಿ. ಆನ್‌ಲೈನ್‌ನಲ್ಲಿ ಪಿಡಿ ಕೊಡದೆ ದೊಡ್ಡ ಫ್ರೇಮ್ ತರಿಸಬೇಡಿ, ದಯವಿಟ್ಟು.

ನನಗೆ ನಿಜವಾಗಿ ಚಿಂತೆ ಇರುವುದು ‘ತೆಗೆದಿಡು, ರೂಢಿ ಆಗುತ್ತದೆ’ ಅನ್ನುವ ಮಾತಿನ ಬಗ್ಗೆ. ಮೈನಸ್ ನಂಬರ್ ಬರುವುದು ಸಾಮಾನ್ಯವಾಗಿ ಕಣ್ಣುಗುಡ್ಡೆ ಉದ್ದವಾಗುವುದರಿಂದ. ದೊಡ್ಡವರ ಕಣ್ಣು ಹಿಂದುಮುಂದಾಗಿ ಸುಮಾರು 24 ಮಿ.ಮೀ. ಇರುತ್ತದೆ, ಅದು ಒಂದೇ ಮಿ.ಮೀ. ಉದ್ದವಾದರೆ ಎರಡೂವರೆಯಿಂದ ಮೂರು ನಂಬರ್. ಉದ್ದವಾದ ಕಣ್ಣು ಕನ್ನಡಕ ತೆಗೆದಿಟ್ಟ ಮಾತ್ರಕ್ಕೆ ಗಿಡ್ಡವಾಗುವುದಿಲ್ಲ. ಕ್ಯಾರೆಟ್ ತಿಂದರೂ ಆಗುವುದಿಲ್ಲ, ಬೆಳಿಗ್ಗೆ ಎದ್ದು ಕಣ್ಣು ತಿರುಗಿಸುವ ವ್ಯಾಯಾಮ ಮಾಡಿದರೂ ಆಗುವುದಿಲ್ಲ. ಮಕ್ಕಳಿಗೆ ಬೇಕೆಂದೇ ಕಡಿಮೆ ನಂಬರ್ ಕೊಡಿಸಿದರೆ ಕಣ್ಣು ಸುಧಾರಿಸುತ್ತದೆ ಎಂದು ನಂಬುವವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಮಲೇಷ್ಯಾದಲ್ಲಿ 94 ಮಕ್ಕಳ ಮೇಲೆ ಇದನ್ನೇ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಕಡಿಮೆ ನಂಬರ್ ಹಾಕಿಕೊಂಡ ಮಕ್ಕಳ ನಂಬರೇ ಬೇಗ ಏರಿತ್ತು. ಹೊರಗೆ ಬಿಸಿಲಿನ ಬೆಳಕಿನಲ್ಲಿ ಆಡುವುದರಿಂದ ಮಾತ್ರ ಮಕ್ಕಳಿಗೆ ಮೈನಸ್ ಬರುವ ಸಾಧ್ಯತೆ ಕಡಿಮೆಯಾಗುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ. ಅದಕ್ಕೆ ದುಡ್ಡೂ ಬೇಡ.

ಪ್ಲಸ್ ನಂಬರಿನವರಿಗೆ ಲೆಕ್ಕ ಅದೇ, ಆದರೆ ದಪ್ಪ ಬಂದು ಕೂರುವುದು ಮಧ್ಯದಲ್ಲಿ. ಅವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಅಂಗಡಿಯಲ್ಲಿ ಮೊದಲೇ ತಯಾರಾಗಿ ಬಂದ 65, 70 ಮಿ.ಮೀ.ನ ದುಂಡು ಗಾಜಿನಿಂದ ಸಣ್ಣ ಫ್ರೇಮಿಗೆ ಕತ್ತರಿಸಿದರೆ ಮಧ್ಯದ ದಪ್ಪ ಹಾಗೇ ಉಳಿಯುತ್ತದೆ, ಸಣ್ಣ ಫ್ರೇಮಿನ ಲಾಭವೇ ಸಿಗುವುದಿಲ್ಲ. ಪ್ಲಸ್ 3, 4 ಇದ್ದರೆ ಫ್ರೇಮಿನ ಅಳತೆಯನ್ನು ಲ್ಯಾಬಿಗೆ ಕಳಿಸಿ ಅದಕ್ಕೆ ತಕ್ಕಂತೆ ಉಜ್ಜಿಸಿ ಅಂತ ಕೇಳಿ. ನಲವತ್ತು ದಾಟಿ ಪ್ರೋಗ್ರೆಸಿವ್ ಹಾಕುವವರಿಗೆ ಮಾತ್ರ ದೊಡ್ಡ ಫ್ರೇಮ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ದೂರ, ನಡು, ಹತ್ತಿರ ಮೂರೂ ಒಂದರ ಕೆಳಗೆ ಒಂದು ಕೂರಲು ಜಾಗ ಬೇಕು. ಆ ಜಾಗ ಬೇಕಾಗಿರುವುದು ಮೇಲಿಂದ ಕೆಳಕ್ಕೆ. ಹಾಗಾಗಿ ಎತ್ತರ ಚೆನ್ನಾಗಿರುವ, ಅಗಲ ನಿಮ್ಮ ಪಿಡಿಗೆ ಹತ್ತಿರವಿರುವ ಫ್ರೇಮ್ ಹುಡುಕಿ. ಕಡ್ಡಿಯ ಮೇಲೆ ಎತ್ತರ ಬರೆದಿರುವುದಿಲ್ಲ, ಸ್ಕೇಲ್ ಇಟ್ಟು ಅಳೆಯಲು ಹೇಳಿ.