ಅಚ್ಚಾದ ಪುಟದ ಹಂಗು: ಸರಣಿ ಕಾದಂಬರಿಯ ಬರವಣಿಗೆ ಕುರಿತು

ಒಂದೇ ಕಾದಂಬರಿ ಬರೆಯುವವರಿಗೆ ಕೊನೆಯ ಕರಡು ಮುಗಿಯುವವರೆಗೂ ದೊಡ್ಡದೊಂದು ಸ್ವಾತಂತ್ರ್ಯವಿರುತ್ತದೆ. ಇಪ್ಪತ್ತನೆಯ ಅಧ್ಯಾಯಕ್ಕೆ ಬಂದಾಗ ನಾಯಕಿಗೆ ಈಜು ಗೊತ್ತಿರಬೇಕಿತ್ತು ಎನ್ನಿಸಿದರೆ, ಮೂರನೆಯ ಅಧ್ಯಾಯಕ್ಕೆ ಹಿಂತಿರುಗಿ ಅವಳನ್ನು ಒಮ್ಮೆ ನದಿಗೆ ಇಳಿಸಿದರಾಯಿತು. ಓದುಗರಿಗೆ ಅದು ಮೊದಲಿನಿಂದಲೂ ಇದ್ದ ಏರ್ಪಾಡಿನಂತೆಯೇ ಕಾಣುತ್ತದೆ. ಸರಣಿ ಬರೆಯುವವರು ಮೊದಲ ಪುಸ್ತಕ ಅಚ್ಚಾದ ದಿನವೇ ಈ ಸ್ವಾತಂತ್ರ್ಯವನ್ನು ಕಳೆದುಕೊಳ್ಳುತ್ತಾರೆ. ಕಥಾಸಾಹಿತ್ಯದ ಹಸ್ತಪ್ರತಿಗಳನ್ನು ತಿದ್ದುವ ಕೆಲಸದಲ್ಲಿ ನಾನು ಕಂಡಿರುವ ಸರಣಿಗಳ ಬಹುಪಾಲು ತೊಡಕುಗಳು ಇಲ್ಲಿಂದಲೇ ಹುಟ್ಟುತ್ತವೆ. ಸರಣಿಗೆ ಮಾತ್ರ ದಕ್ಕುವ ಕೆಲವು ಸೊಗಸುಗಳ ಮೂಲವೂ ಇದೇ ಎಂಬುದು ನನ್ನ ಅಭಿಪ್ರಾಯ.

ವಾರಪತ್ರಿಕೆಯ ಧಾರಾವಾಹಿಗೂ ಸರಣಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ನೆನಪಿಡಬೇಕು. ಧಾರಾವಾಹಿಯಲ್ಲಿ ಆದ ಎಡವಟ್ಟುಗಳನ್ನು ಅದು ಪುಸ್ತಕವಾಗುವಾಗ ಸರಿಪಡಿಸಿಕೊಳ್ಳಬಹುದು. ಸರಣಿಯ ಮೊದಲ ಭಾಗವಾದರೋ ಓದುಗರ ಕಪಾಟಿನಲ್ಲಿ ಕುಳಿತಿರುತ್ತದೆ, ಮೂರನೆಯ ಭಾಗ ಬಂದಾಗ ಅವರು ಅದನ್ನು ತೆರೆದು ಹೋಲಿಸಿಯೂ ನೋಡುತ್ತಾರೆ.

ಸಣ್ಣ ಸಂಗತಿಗಳಲ್ಲಿ ತಪ್ಪುವುದು ಎಂಥವರಿಗೂ ಆಗುವಂಥದ್ದು. ಷರ್ಲಾಕ್ ಹೋಮ್ಸ್‌ನ ಗೆಳೆಯ ಡಾಕ್ಟರ್ ವಾಟ್ಸನ್‌ಗೆ ಯುದ್ಧದಲ್ಲಿ ಗುಂಡು ತಗುಲಿದ್ದು 1887ರ ಮೊದಲ ಕಾದಂಬರಿಯ ಪ್ರಕಾರ ಭುಜಕ್ಕೆ, 1890ರ ಎರಡನೆಯ ಕಾದಂಬರಿಯ ಪ್ರಕಾರ ಕಾಲಿಗೆ. ಓದುಗರು ಇದನ್ನು ಇಂದಿಗೂ ಚರ್ಚಿಸುತ್ತಾರೆ, ಆದರೆ ಕಥೆಯ ರುಚಿ ಇದರಿಂದ ಕೆಟ್ಟಿಲ್ಲ. ವಯಸ್ಸಿನ ಲೆಕ್ಕ ಇದಕ್ಕಿಂತ ಕಷ್ಟದ್ದು. ಅಗಾಥಾ ಕ್ರಿಸ್ಟಿ 1920ರಲ್ಲಿ ತಮ್ಮ ಪತ್ತೇದಾರ ಪ್ವಾರೋನನ್ನು ಪರಿಚಯಿಸಿದಾಗಲೇ ಅವನು ನಿವೃತ್ತ ಪೊಲೀಸ್ ಅಧಿಕಾರಿ. ಅವನ ಕೊನೆಯ ಪ್ರಕರಣ ಪ್ರಕಟವಾದದ್ದು 1975ರಲ್ಲಿ. ಲೆಕ್ಕ ಹಾಕಿದರೆ ಅವನಿಗೆ ನೂರು ವರ್ಷ ದಾಟಿರಬೇಕು. ಅಮೆರಿಕದ ಸೂ ಗ್ರಾಫ್ಟನ್ ಇದಕ್ಕೆ ಬೇರೆಯ ದಾರಿ ಹಿಡಿದರು: 1982ರಿಂದ 2017ರವರೆಗೆ 25 ಪುಸ್ತಕಗಳು ಬಂದರೂ ಅವರ ಪತ್ತೇದಾರಿಣಿಯ ಜಗತ್ತು 1980ರ ದಶಕವನ್ನು ದಾಟಲಿಲ್ಲ. ಆದರೆ ಅವರು ಇನ್ನೊಂದು ಹಂಗಿಗೆ ಒಳಗಾಗಿದ್ದರು. ಇಂಗ್ಲಿಷ್ ವರ್ಣಮಾಲೆಯ ಒಂದೊಂದು ಅಕ್ಷರದಿಂದ ಒಂದೊಂದು ಶೀರ್ಷಿಕೆ ಕೊಡುತ್ತ ಬಂದಿದ್ದ ಅವರು, ಕೊನೆಯ ಅಕ್ಷರವೊಂದು ಉಳಿದಿರುವಾಗ ತೀರಿಕೊಂಡರು. ಶೀರ್ಷಿಕೆಯಲ್ಲೇ ಪುಸ್ತಕಗಳ ಸಂಖ್ಯೆಯನ್ನು ಸಾರುವ ಯೋಜನೆ ಹೊತ್ತು ಬರುವ ಹೊಸಬರಿಗೆ ನಾನು ಈ ಸಂಗತಿಯನ್ನು ಹೇಳುವುದುಂಟು.

ಆದ್ದರಿಂದ ಮೊದಲ ಭಾಗ ಅಚ್ಚಿಗೆ ಹೋಗುವ ಮುನ್ನವೇ ಒಂದು ದಾಖಲೆ ಪುಸ್ತಕ ಇಡಬೇಕು. ಹುಟ್ಟಿದ ವರ್ಷ, ಮನೆಯ ನಕ್ಷೆ, ಗಾಯದ ಗುರುತು ಮುಂತಾದವನ್ನು ಎಲ್ಲರೂ ಬರೆದಿಟ್ಟುಕೊಳ್ಳುತ್ತಾರೆ. ಮರೆಯುವುದು ಬೇರೆ ಎರಡನ್ನು. ಯಾವ ಪಾತ್ರಕ್ಕೆ ಯಾವ ಗುಟ್ಟು ಯಾವಾಗ ತಿಳಿಯಿತು ಎಂಬುದು ಒಂದು. ಎರಡನೆಯ ಭಾಗದಲ್ಲಿ ಸತ್ಯ ತಿಳಿದುಕೊಂಡವನು ನಾಲ್ಕನೆಯ ಭಾಗದಲ್ಲಿ ಅದೇ ಸತ್ಯಕ್ಕೆ ಬೆಚ್ಚಿಬೀಳುವ ಹಸ್ತಪ್ರತಿಗಳು ಅಪರೂಪವಲ್ಲ. ಇನ್ನೊಂದು, ಪಾತ್ರಗಳು ಪರಸ್ಪರ ಕರೆಯುವ ರೀತಿ. ಕನ್ನಡದಲ್ಲಿ ಬರೆಯುವವರಿಗೆ ಇದು ಬಹಳ ಮುಖ್ಯ. ಇಬ್ಬರು ಬಹುವಚನದಿಂದ ಏಕವಚನಕ್ಕೆ ಇಳಿದದ್ದು ಯಾವ ಸಂದರ್ಭದಲ್ಲಿ ಎಂಬುದನ್ನು ಲೇಖಕರು ಮರೆತರೂ ಓದುಗರ ಕಿವಿ ಮರೆಯುವುದಿಲ್ಲ. ಮೂರನೆಯ ಭಾಗದಲ್ಲಿ ಆಕೆ ಅವನನ್ನು ಮತ್ತೆ ‘ನೀವು’ ಎಂದರೆ ನಡುವೆ ಏನೋ ಜಗಳವಾಗಿದೆ ಎಂದೇ ಓದುಗರು ಭಾವಿಸುತ್ತಾರೆ.

ದಾಖಲೆಗಿಂತಲೂ ಮುಖ್ಯವಾದದ್ದು, ಯಾವುದನ್ನು ಹೇಳದೆ ಬಿಡಬೇಕು ಎಂಬ ವಿವೇಚನೆ. ಹೊಸಬರು ಮೊದಲ ಭಾಗದಲ್ಲೇ ನಾಯಕನ ಮೂರು ತಲೆಮಾರಿನ ಚರಿತ್ರೆಯನ್ನು ಖಚಿತಪಡಿಸಿಬಿಡುತ್ತಾರೆ. ಮುಂದಿನ ಭಾಗಕ್ಕೆ ಅವನಿಗೊಬ್ಬ ಚಿಕ್ಕಪ್ಪ ಬೇಕಾದಾಗ ತಾತನಿಗೆ ಒಬ್ಬನೇ ಮಗ ಎಂಬ ವಾಕ್ಯ ಅಡ್ಡ ಬರುತ್ತದೆ. ಹೇಳದೆ ಬಿಟ್ಟದ್ದು ನೆರವಾದ ಉದಾಹರಣೆಯೂ ಇದೆ. ಹೋಮ್ಸ್‌ನ ಸೃಷ್ಟಿಕರ್ತ ಕಾನನ್ ಡಾಯ್ಲ್‌ಗೆ ಅವನು ಬೇಸರ ತಂದಿದ್ದ. 1893ರಲ್ಲಿ ಅವನನ್ನು ಜಲಪಾತದ ಕಮರಿಗೆ ನೂಕಿದರು. 1901ರಲ್ಲಿ ಆರಂಭವಾದ ಕಾದಂಬರಿಗೆ ಆ ಸಾವಿನ ಹಿಂದಿನ ಕಾಲವನ್ನು ಆರಿಸಿಕೊಂಡರು, 1903ರಲ್ಲಿ ಅವನನ್ನು ಬದುಕಿಸಿಯೇಬಿಟ್ಟರು. ಇದು ಸಾಧ್ಯವಾದದ್ದು ಮೂಲ ಕಥೆಯಲ್ಲಿದ್ದ ಒಂದು ಬಿರುಕಿನಿಂದ. ವಾಟ್ಸನ್ ಬೀಳುವಿಕೆಯನ್ನು ಕಣ್ಣಾರೆ ಕಂಡಿರಲಿಲ್ಲ, ಶವವೂ ಸಿಕ್ಕಿರಲಿಲ್ಲ. ಹೆಜ್ಜೆಗುರುತುಗಳು, ಒಂದು ಕೋಲು ಮತ್ತು ಒಂದು ಪತ್ರದ ಮೇಲೆ ಅವನು ಮಾಡಿಕೊಂಡ ಊಹೆಯಷ್ಟೇ ಅಚ್ಚಾಗಿತ್ತು. ಹೋಮ್ಸ್ ಮರಳಿದಾಗ ಹಿಂದಿನ ಕಥೆಯ ಒಂದು ಸಾಲನ್ನೂ ಅಳಿಸಬೇಕಾಗಲಿಲ್ಲ. ಲೇಖಕರು ಈ ಬಾಗಿಲನ್ನು ಬೇಕೆಂದೇ ತೆರೆದಿಟ್ಟಿರಲಿಕ್ಕಿಲ್ಲ, ಆದರೆ ಅದು ಇದ್ದದ್ದರಿಂದಲೇ ಕೆಲಸ ನಡೆಯಿತು.

ಒಂದೇ ಕಥೆ ಹಲವು ಭಾಗಗಳಲ್ಲಿ ಹರಿಯುವ ಸರಣಿಗೆ ಹಿಂದಿನ ಕಥೆಯನ್ನು ನೆನಪಿಸುವ ಸಮಸ್ಯೆ ಸೇರಿಕೊಳ್ಳುತ್ತದೆ. ಮರೆತವರಿಗೆ ತಿಳಿಸಬೇಕು, ಮರೆಯದವರಿಗೆ ಬೇಸರವಾಗಬಾರದು. ಆರಂಭದಲ್ಲೇ ಎರಡು ಪುಟ ಸಾರಾಂಶ ಕೊಡುವುದು ನನಗೆ ಸೋಮಾರಿತನವಾಗಿ ಕಾಣುತ್ತದೆ. ಅಣ್ಣ ಹಿಂದಿನ ಭಾಗದಲ್ಲಿ ಮೋಸ ಮಾಡಿದ್ದಾನೆ ಎಂದುಕೊಳ್ಳೋಣ. ಈಗ ಅವನು ಬೀಗದ ಕೈ ಕೇಳಿದಾಗ ತಂಗಿ ತಾನೇ ಎದ್ದು ಹೋಗಿ ಪೆಟ್ಟಿಗೆ ತೆರೆದರೆ ಸಾಕು: ಹಳೆಯ ಓದುಗರಿಗೆ ಆ ಮೋಸ ಮತ್ತೆ ಚುಚ್ಚುತ್ತದೆ, ಹೊಸಬರಿಗೆ ಇಬ್ಬರ ನಡುವೆ ಏನೋ ಕೆಟ್ಟಿದೆಯೆಂದು ತಿಳಿಯುತ್ತದೆ. ವಿವರ ಬೇಕಾದ ಕ್ಷಣದಲ್ಲಿ ಮಾತ್ರ ವಿವರ ಬರಲಿ.

ಅಚ್ಚಾದ ಪುಟದ ಹಂಗು ಫಲ ಕೊಡುವುದೂ ಇಂಥ ಜಾಗಗಳಲ್ಲಿಯೇ. ಒಂಟಿ ಕಾದಂಬರಿ ಹತ್ತು ಪುಟ ಖರ್ಚು ಮಾಡಿ ಕಟ್ಟಬೇಕಾದ ಭಾವವನ್ನು ಸರಣಿಯ ನಾಲ್ಕನೆಯ ಭಾಗ ಒಂದು ವಾಕ್ಯದಲ್ಲಿ ತರಬಲ್ಲದು, ಏಕೆಂದರೆ ಓದುಗರು ಆ ಪಾತ್ರಗಳೊಂದಿಗೆ ನಿಜವಾಗಿಯೂ ವರ್ಷಗಳನ್ನು ಕಳೆದಿರುತ್ತಾರೆ. ಫ್ರೆಂಚ್ ಕಾದಂಬರಿಕಾರ ಬಾಲ್ಜಾಕ್ ಈ ಶಕ್ತಿಯನ್ನು 1830ರ ದಶಕದಲ್ಲೇ ಗುರುತಿಸಿ, ಒಂದು ಕೃತಿಯ ಪಾತ್ರಗಳನ್ನು ಇನ್ನೊಂದಕ್ಕೆ ವ್ಯವಸ್ಥಿತವಾಗಿ ತರತೊಡಗಿದರು. ಒಂದೆಡೆ ಬಡ ವಿದ್ಯಾರ್ಥಿಯಾಗಿದ್ದ ರಾಸ್ಟಿನ್ಯಾಕ್ ಬೇರೆಡೆ ಮಂತ್ರಿಯಾಗಿ ಎದುರಾಗುತ್ತಾನೆ. ತ.ರಾ.ಸು. ಅವರ ಚಿತ್ರದುರ್ಗದ ಎಂಟು ಕಾದಂಬರಿಗಳನ್ನು ಓದಿದವರಿಗೆ ಇನ್ನೊಂದು ಬಗೆಯ ಅನುಭವವಿದೆ: ದುರ್ಗದ ಪತನವೇ ಅಂತ್ಯವೆಂದು ಮೊದಲೇ ಗೊತ್ತಿದ್ದರೂ, ಏಳು ಪುಸ್ತಕಗಳ ಒಡನಾಟದ ನಂತರ ಆ ಪತನ ಇತಿಹಾಸದ ಸುದ್ದಿಯಾಗಿ ಉಳಿಯುವುದಿಲ್ಲ. ತಿದ್ದಲಾಗದ ಹಳೆಯ ವಾಕ್ಯ ಕೆಲವೊಮ್ಮೆ ಹೊಸ ಕಲ್ಪನೆಗೂ ದಾರಿಯಾಗುತ್ತದೆ. ಮೊದಲ ಭಾಗದಲ್ಲಿ ಸುಮ್ಮನೆ ಬಂದು ಹೋದ ಅಂಚೆಯವನು ಮೂರನೆಯ ಭಾಗದ ಕೇಂದ್ರವಾಗುವುದು ಹೀಗೆ.

ಹಣದ ಮಾತನ್ನು ಚುಟುಕಾಗಿ ಹೇಳುತ್ತೇನೆ. ಹೊಸ ಭಾಗ ಬಂದಾಗ ಹಳೆಯ ಭಾಗಗಳಿಗೆ ಮತ್ತೆ ಕೊಳ್ಳುವವರು ಹುಟ್ಟುವುದು ಲಾಭ. ಆದರೆ ಮೊದಲ ಭಾಗ ಓದಿದವರೆಲ್ಲರೂ ಎರಡನೆಯದನ್ನು ಕೊಳ್ಳುವುದಿಲ್ಲ, ಪ್ರಕಾಶಕರು ನಡುವೆಯೇ ಕೈಬಿಡುವುದೂ ಉಂಟು. ಹಾಗಾಗಿ ಪ್ರತಿ ಭಾಗವೂ ತಾನು ಎತ್ತಿದ ಮುಖ್ಯ ಪ್ರಶ್ನೆಗೆ ತನ್ನೊಳಗೇ ಉತ್ತರ ಕೊಡಬೇಕೆಂದು ನಾನು ಒತ್ತಾಯಿಸುತ್ತೇನೆ. ದೊಡ್ಡ ಪ್ರಶ್ನೆ ಮುಂದುವರಿಯಲಿ.

ಎಲ್ಲಿ ನಿಲ್ಲಿಸಬೇಕೆಂಬುದನ್ನು ಕ್ರಿಸ್ಟಿ ಬಹಳ ಮುಂಚೆಯೇ ನಿರ್ಧರಿಸಿದ್ದರು. ಪ್ವಾರೋನ ಕೊನೆಯ ಕಾದಂಬರಿಯನ್ನು ಎರಡನೆಯ ಮಹಾಯುದ್ಧದ ಕಾಲದಲ್ಲೇ ಬರೆದು ತೆಗೆದಿಟ್ಟು, ನಂತರದ ಮೂರು ದಶಕ ಅವನ ಬೇರೆ ಕಥೆಗಳನ್ನು ಬರೆದರು. ಅಷ್ಟು ದೂರ ಎಲ್ಲರೂ ಹೋಗಬೇಕಿಲ್ಲ. ಎರಡನೆಯ ಭಾಗದ ಹಸ್ತಪ್ರತಿ ತರುವವರಿಂದ ನಾನು ಕೊನೆಯ ಭಾಗದ ಬಗ್ಗೆ ಒಂದು ಪುಟದ ಟಿಪ್ಪಣಿ ಕೇಳುತ್ತೇನೆ. ಅದನ್ನು ಬರೆಯಲಾಗದವರ ಹಸ್ತಪ್ರತಿಯನ್ನು ಹಿಂತಿರುಗಿಸುವುದಿಲ್ಲ. ಅವರಿಗೆ ಒಂದೇ ಕಥೆಯ ಹಲವು ಭಾಗಗಳನ್ನು ಬಿಟ್ಟು, ಒಂದೇ ಪಾತ್ರದ ಬಿಡಿ ಕಥೆಗಳನ್ನು ಬರೆಯಲು ಸೂಚಿಸುತ್ತೇನೆ.