ಬೂದಿಯಲ್ಲದ ಆ್ಯಶ್: ‘ಬ್ಲ್ಯಾಕ್ ಆ್ಯಶ್’ ಮರದ ಹೆಸರುಗಳ ಟಿಪ್ಪಣಿ

ಉತ್ತರ ಅಮೆರಿಕದ ‘ಬ್ಲ್ಯಾಕ್ ಆ್ಯಶ್’ ಮರದ ಹೆಸರನ್ನು ಮೊದಲ ಸಲ ನೋಟ್ಸ್‌ಗೆ ಇಳಿಸಿದಾಗ ನಾನು ‘ಕಪ್ಪು ಬೂದಿ ಮರ’ ಅಂತ ಬರೆದುಕೊಂಡಿದ್ದೆ. ತೊಗಟೆ ಬೂದಿ ಬಣ್ಣದ್ದಿರಬೇಕು ಅಂತ ಕಾರಣವನ್ನೂ ನಾನೇ ಹುಟ್ಟಿಸಿಕೊಂಡಿದ್ದೆ. ಅದು ತಪ್ಪು. ಒಲೆಯ ಬೂದಿಗೂ ಈ ಮರದ ಹೆಸರಿಗೂ ನಂಟಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಮರಕ್ಕೆ ಒಂದು ಪದ, ಬೂದಿಗೆ ಇನ್ನೊಂದು. ಬೂದಿಯ ಪದದ ಕೊನೆಯ ಸ್ವರ ಬಾಯಲ್ಲಿ ಸವೆದುಹೋಗಿ ಎರಡೂ ಒಂದೇ ಥರ ಕೇಳತೊಡಗಿದವು, ಅಷ್ಟೇ. ನಮ್ಮಲ್ಲೂ ಇದಿದೆಯಲ್ಲ: ನೀರು ‘ಹರಿ’ಯುವುದು ಕನ್ನಡದ್ದು, ವಿಷ್ಣುವಿನ ‘ಹರಿ’ ಸಂಸ್ಕೃತದ್ದು. ಹಾಗಂತ ಇಂಗ್ಲಿಷಿನಲ್ಲಿ ಆ್ಯಶ್ ಕಂಡಲ್ಲೆಲ್ಲ ಮರ ಅಂದುಕೊಳ್ಳಬೇಡಿ. ‘ಆ್ಯಶ್ ಗೋರ್ಡ್’ ಅಂದರೆ ನಿಜಕ್ಕೂ ಬೂದಿಯೇ, ನಮ್ಮ ಬೂದುಗುಂಬಳ.

ಮರದ ಹೆಸರಾದ ಆ್ಯಶ್‌ಗೆ ಹಳೆಯ ಇಂಗ್ಲಿಷಿನಲ್ಲಿ ‘ಈಟಿ’ ಎಂಬ ಅರ್ಥವೂ ಇತ್ತು. ನೇರವಾಗಿ ಬೆಳೆಯುವ, ಬಾಗಿದರೂ ಬೇಗ ಮುರಿಯದ ಮರ. ಈಟಿಯ ಹಿಡಿಗೆ ಹೇಳಿ ಮಾಡಿಸಿದಂಥದ್ದು. ಗ್ರೀಕ್ ಕವಿ ಹೋಮರನ ಕಾವ್ಯದಲ್ಲಿ ವೀರ ಅಕಿಲೀಸನ ಈಟಿಯೂ ಪೀಲಿಯನ್ ಬೆಟ್ಟದ ಆ್ಯಶ್ ಮರದ್ದೇ.

ಇನ್ನು ಶಾಸ್ತ್ರೀಯ ಹೆಸರು: ಫ್ರಾಕ್ಸಿನಸ್ ನೈಗ್ರಾ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಲ್ಯಾಟಿನ್ನಿನ ‘ಫ್ರಾಕ್ಸಿನಸ್’, ಸಂಸ್ಕೃತದ ‘ಭೂರ್ಜ’ ಮತ್ತು ಇಂಗ್ಲಿಷಿನ ‘ಬರ್ಚ್’ ಒಂದೇ ಮೂಲದವು ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಹೌದು, ತಾಳೆಗರಿಯ ಜೊತೆಗೇ ನಾವು ಕೇಳಿರುವ ಭೂರ್ಜಪತ್ರದ ಭೂರ್ಜವೇ. ಆ ಮೂಲಕ್ಕೆ ಹೊಳಪು, ಬಿಳುಪು ಎಂಬ ಅರ್ಥ ಹೇಳುತ್ತಾರೆ. ಬರ್ಚ್ ಮರದ ತೊಗಟೆ ಬೆಳ್ಳಗಿರುತ್ತದಲ್ಲ. ಅದರ ಪಕ್ಕಕ್ಕೆ ‘ನೈಗ್ರಾ’, ಅಂದರೆ ಕಪ್ಪು. ಬೇರು ಹುಡುಕಿಕೊಂಡು ಹೋದರೆ ಹೆಸರು ‘ಕಪ್ಪಾದ ಬಿಳಿ’ ಆಗುತ್ತದೆ! ಪರೀಕ್ಷೆಯಲ್ಲಿ ಹೀಗೆ ಬರೆಯಬೇಡಿ, ನೆನಪಿಟ್ಟುಕೊಳ್ಳಲಿಕ್ಕೆ ಮಾತ್ರ. ಕುಟುಂಬ ಓಲಿಯೇಸಿ, ನಮ್ಮ ಮಲ್ಲಿಗೆ ಮತ್ತು ಪಾರಿಜಾತದ್ದೇ ಬಳಗ.

ಕಪ್ಪು ಎಲ್ಲಿದೆ? ಮೊಗ್ಗು ಕಪ್ಪಿಗೆ ತಿರುಗಿದ ಕಂದು. ಮರದ ಚೇಗು ಉಳಿದ ಆ್ಯಶ್‌ಗಳಿಗಿಂತ ಗಾಢ. ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಇದೇ ಮರವನ್ನು ‘ಬ್ರೌನ್ ಆ್ಯಶ್’ ಎನ್ನುತ್ತಾರೆ. ನನ್ನ ಕಣ್ಣಿಗೆ ಅದೇ ಹೆಚ್ಚು ಸರಿ. ಇನ್ನೊಂದು ಹೆಸರು ‘ಸ್ವಾಂಪ್ ಆ್ಯಶ್’: ನೀರು ನಿಲ್ಲುವ ಜೌಗಿನಲ್ಲಿ ಬೆಳೆಯುವುದರಿಂದ. ನಾವು ಕರಿಮತ್ತಿ, ಹೊಳೆಮತ್ತಿ ಅನ್ನುವ ರೀತಿಯೇ, ಒಮ್ಮೆ ಬಣ್ಣ ಹಿಡಿದು, ಒಮ್ಮೆ ಜಾಗ ಹಿಡಿದು. ನಮ್ಮಲ್ಲಿ ಅವು ಎರಡು ಬೇರೆ ಮರಗಳು. ಇಲ್ಲಿ ಒಂದೇ ಮರಕ್ಕೆ ಎರಡೂ ಹೆಸರು. ಗಿಟಾರ್ ಮಾಡುವವರು ‘ಸ್ವಾಂಪ್ ಆ್ಯಶ್’ ಎನ್ನುವುದು ಮಾತ್ರ ಸಾಮಾನ್ಯವಾಗಿ ಅಮೆರಿಕದ ದಕ್ಷಿಣ ಭಾಗದ ಜೌಗಿನ ಬೇರೆ ಆ್ಯಶ್‌ಗಳ ಹಗುರ ಮರವನ್ನು. ಇಲ್ಲಿ ಎಡವುವವರು ಬಹಳ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ಬಾಸ್ಕೆಟ್ ಆ್ಯಶ್’, ಬುಟ್ಟಿಯ ಆ್ಯಶ್. ನಮ್ಮ ಮೇದರು ಕತ್ತಿಯಿಂದ ಬಿದಿರನ್ನು ಸೀಳುತ್ತಾರೆ. ಇಲ್ಲಿ ಹಾಗಲ್ಲ, ಬಡಿಯುತ್ತಾರೆ. ಹಸಿ ದಿಮ್ಮಿಯ ತೊಗಟೆ ತೆಗೆದು, ಕೊಡಲಿಯ ಹಿಂಬದಿಯಿಂದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದಿಂಚೂ ಬಿಡದೆ ಹೊಡೆಯುತ್ತಾ ಹೋಗುತ್ತಾರೆ. ವರ್ಷವರ್ಷದ ಉಂಗುರದಲ್ಲಿ ವಸಂತದಲ್ಲಿ ಬೆಳೆದ ಪದರ ದೊಡ್ಡ ದೊಡ್ಡ ರಂಧ್ರಗಳದ್ದು, ಬೇಸಿಗೆಯದು ಗಟ್ಟಿ. ಏಟಿಗೆ ರಂಧ್ರದ ಪದರ ಜಜ್ಜಿಹೋಗುತ್ತದೆ, ಗಟ್ಟಿ ಪದರ ಉದ್ದನೆಯ ಪಟ್ಟಿಯಾಗಿ ಮೇಲೇಳುತ್ತದೆ. ಒಂದು ಪಟ್ಟಿ ಎಂದರೆ ಮರದ ಒಂದು ವರ್ಷ. ಆ ಪಟ್ಟಿಯಿಂದಲೇ ಬುಟ್ಟಿ.

ಈ ಕೆಲಸ ಬಲ್ಲವರು ಈಶಾನ್ಯ ಅಮೆರಿಕ ಮತ್ತು ಕೆನಡಾದ ಮೂಲನಿವಾಸಿಗಳು. ಪಾಸಮಕ್ವಾಡಿ ಭಾಷೆಯಲ್ಲಿ ಮರದ ಹೆಸರು ‘ವಿಕ್ಪ್’. ಓಜಿಬ್ವೆ ಭಾಷೆಯ ‘ವೀಸಗಾಕ್’ ಎಂಬ ಹೆಸರಿನಲ್ಲಿ ‘ವೀಸಗ್’ ಎಂದರೆ ಕಹಿ. ಅದೇ ಭಾಷೆಯಲ್ಲಿ ಆ್ಯಶ್‌ಗೆ ‘ಆಗಿಮಾಕ್’ ಎಂಬ ಪದವೂ ಇದೆ. ‘ಆಗಿಮ್’ ಎಂದರೆ ಹಿಮದ ಮೇಲೆ ನಡೆಯಲು ಕಾಲಿಗೆ ಕಟ್ಟಿಕೊಳ್ಳುವ ಅಗಲವಾದ ಮೆಟ್ಟು. ಅದರ ಚೌಕಟ್ಟಿಗೆ ಬಾಗಿಸುತ್ತಿದ್ದದ್ದು ಈ ಮರವನ್ನೇ. ಈ ಹೆಸರುಗಳಲ್ಲಿ ಬಣ್ಣದ ಮಾತೇ ಇಲ್ಲ; ರುಚಿ ಇದೆ, ಕೆಲಸ ಇದೆ. ಈ ಮೂಲನಿವಾಸಿಗಳಲ್ಲೇ ವಬನಾಕಿ ಜನರ ಕತೆಯಲ್ಲಿ ಅವರ ಪುರಾಣವೀರ ಗ್ಲೂಸ್ಕಾಪ್ ಈ ಮರಕ್ಕೆ ಬಾಣ ಬಿಡುತ್ತಾನೆ. ಸೀಳಿದ ಕಾಂಡದೊಳಗಿಂದ ಮನುಷ್ಯರು ಹಾಡುತ್ತಾ ಕುಣಿಯುತ್ತಾ ಹೊರಬರುತ್ತಾರೆ. ಕಡಲಾಚೆ ಉತ್ತರ ಯುರೋಪಿನ ನಾರ್ಸ್ ಪುರಾಣದ ಮೊದಲ ಗಂಡಸಿನ ಹೆಸರು ‘ಆಸ್ಕ್’. ಆ ಪದಕ್ಕೆ ಅರ್ಥ ಆ್ಯಶ್ ಮರ!

2002ರಲ್ಲಿ ಅಮೆರಿಕದ ಡೆಟ್ರಾಯ್ಟ್ ನಗರದ ಬಳಿ ಪತ್ತೆಯಾದ ಏಷ್ಯಾದ ಒಂದು ಹಸಿರು ಜೀರುಂಡೆಯಿಂದ ಆ್ಯಶ್‌ಗಳು ಸಾಲುಸಾಲಾಗಿ ಸಾಯುತ್ತಿವೆ. ಮರಿಹುಳು ತೊಗಟೆಯಡಿ ಕೊರೆದು ಆಹಾರ ಸಾಗುವ ದಾರಿ ಕಡಿದುಹಾಕುತ್ತದೆ. 2017ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಬ್ಲ್ಯಾಕ್ ಆ್ಯಶ್ ಅನ್ನು ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿಸಿತು.

ಗುರುತು ಹಿಡಿಯುವುದು ಹೀಗೆ: ಒಂದು ಎಲೆಯಲ್ಲಿ ಸಾಮಾನ್ಯವಾಗಿ 7ರಿಂದ 13 ಕಿರುಎಲೆಗಳು, ತುದಿಯದನ್ನು ಬಿಟ್ಟರೆ ಉಳಿದವಕ್ಕೆ ತೊಟ್ಟಿಲ್ಲ, ದಂಟಿಗೇ ಅಂಟಿಕೊಂಡಿರುತ್ತವೆ. ಗ್ರೀನ್ ಆ್ಯಶ್‌ನಲ್ಲಿ ಸಣ್ಣ ತೊಟ್ಟಿರುತ್ತದೆ. ತೊಗಟೆ ಬಿರಡೆಯಂತೆ ಮೆತ್ತಗೆ, ಬಣ್ಣ ಬೂದು. ಅಂಗೈಯಿಂದ ಉಜ್ಜಿದರೆ ಪುಡಿಪುಡಿಯಾಗಿ ಉದುರುತ್ತದೆ. ಕೈ ನೋಡಿಕೊಂಡರೆ ನನ್ನ ಹಳೆಯ ತಪ್ಪೇ ಸರಿಯಿತ್ತೇನೋ ಅನ್ನಿಸಬೇಕು, ಹಾಗೆ.